ರೋಜಾ ಇದ್ದಾಗ ವ್ಯಾಯಾಮ: ಅಡುಗೆಮನೆಯ ಗಡಿಯಾರ ನೋಡಿಕೊಂಡು

ರೋಜಾ, ಅಂದರೆ ಉಪವಾಸದ ತಿಂಗಳು ರಂಜಾನ್ ಬಂತೆಂದರೆ ಮೊಬೈಲಿನಲ್ಲಿ ಒಂದೇ ಸಲಹೆ ಓಡಾಡುತ್ತದೆ. "ಇಫ್ತಾರ್‌ಗೆ ಒಂದು ಗಂಟೆ ಇರುವಾಗ ವ್ಯಾಯಾಮ ಮಾಡಿ, ಮುಗಿಸಿದ ಕೂಡಲೇ ನೀರು ಸಿಗುತ್ತದೆ." ಇಫ್ತಾರ್ ಅಂದರೆ ಸಂಜೆ ರೋಜಾ ಬಿಡುವ ಹೊತ್ತು. ಸಲಹೆ ತಪ್ಪಲ್ಲ. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಬಿಡುವಾಗಿರುವವರು ಯಾರು? ಗಂಡಸರು, ಹುಡುಗರು. ಹೆಂಗಸರು ಒಲೆ ಮುಂದೆ ನಿಂತಿರುತ್ತಾರೆ. ಒಂದು ಕಡೆ ಬಾಣಲೆಯಲ್ಲಿ ಎಣ್ಣೆ, ಇನ್ನೊಂದು ಕಡೆ ಕುಕ್ಕರಿನಲ್ಲಿ ಕಡಲೆ. ಹಣ್ಣು ಹೆಚ್ಚಬೇಕು, ಶರಬತ್ತು ಕಲೆಸಬೇಕು, ಪಕ್ಕದ ಮನೆಗೆ ಕಳಿಸುವ ತಟ್ಟೆಗೆ ಬಟ್ಟೆ ಮುಚ್ಚಬೇಕು. ಆಗ ಹೋಗಿ ವಾಕಿಂಗ್ ಮಾಡಿ ಅಂದರೆ ಯಾರು ಮಾಡುತ್ತಾರೆ?

ನಾನು ಕಲಬುರಗಿಯಲ್ಲಿ ಹೆಂಗಸರ ಬ್ಯಾಚಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ನಾನೂ ರೋಜಾ ಇರುತ್ತೇನೆ, ನಾನೂ ಅಡುಗೆ ಮಾಡುತ್ತೇನೆ. ಹಾಗಾಗಿ ಇಲ್ಲಿ ಬರೆಯುವುದು ಮನೆ ನಡೆಸುತ್ತಾ, ರೋಜಾ ಇಟ್ಟುಕೊಂಡು, ಮೈಯನ್ನೂ ಸ್ವಲ್ಪ ಆಡಿಸಬೇಕು ಅನ್ನುವವರಿಗೆ. ಗಂಡಸರು ಓದಬಾರದು ಅಂತೇನಿಲ್ಲ. ಓದಿದರೆ ಹಣ್ಣು ಹೆಚ್ಚುವ ಕೆಲಸ ತಮ್ಮ ಪಾಲಿಗೆ ಬರುವುದು ಯಾಕೆ ಅಂತ ತಿಳಿಯುತ್ತದೆ.

ಮೊದಲೇ ಒಂದು ಮಾತು. ಈ ತಿಂಗಳು ತೂಕ ಇಳಿಸುವ ತಿಂಗಳಲ್ಲ, ಹೊಸ ದಾಖಲೆ ಮಾಡುವ ತಿಂಗಳೂ ಅಲ್ಲ. ಹೋದ ತಿಂಗಳು ಇದ್ದ ಶಕ್ತಿ ಈದ್ ದಿನವೂ ಹಾಗೇ ಇದ್ದರೆ ಗೆದ್ದ ಹಾಗೆ.

ಹಸಿವಲ್ಲ, ನೀರು

ಮಾರ್ಚ್‌ನಲ್ಲಿ ನಮ್ಮೂರಲ್ಲಿ ಸಹರಿ, ಅಂದರೆ ರೋಜಾ ಶುರುವಾಗುವ ಮುಂಚಿನ ಬೆಳಗಿನ ಜಾವದ ಊಟ, ಐದೂಕಾಲರ ಆಸುಪಾಸಿಗೆ ಮುಗಿಯುತ್ತದೆ. ಇಫ್ತಾರ್ ಸುಮಾರು ಆರೂವರೆಗೆ. ನಡುವೆ 13 ಗಂಟೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಾಗಾಗಿ ಈಗ ನಾವು ಸ್ವಲ್ಪ ಸುಖದ ಕಾಲಕ್ಕೆ ಬರುತ್ತಿದ್ದೇವೆ. 2018ರಲ್ಲಿ ರಂಜಾನ್ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಇತ್ತು. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರೋಜಾವೂ ಹದಿನಾಲ್ಕು ಗಂಟೆ ದಾಟುತ್ತಿತ್ತು. ಇನ್ನು ಕೆಲವು ವರ್ಷಕ್ಕೆ ರಂಜಾನ್ ಪೂರ್ತಿ ಚಳಿಗಾಲಕ್ಕೆ ಹೋಗುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು, ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ.

ಈ 13 ಗಂಟೆಯಲ್ಲಿ ಮೈಯೊಳಗೆ ಆಗುವುದು ಇಷ್ಟು. ಸಹರಿಯ ಊಟ ಕೆಲವು ಗಂಟೆಗಳಲ್ಲಿ ಅರಗುತ್ತದೆ. ಆಮೇಲೆ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಸಕ್ಕರೆ ಕೊಡುತ್ತಾ ಹೋಗುತ್ತದೆ. ಲಿವರಿನಲ್ಲಿ ಇರುವುದು ಸುಮಾರು 100 ಗ್ರಾಂ ಅಷ್ಟೆ. ಮಾಂಸಖಂಡಗಳಲ್ಲಿ ಇದರ ಮೂರು ನಾಲ್ಕು ಪಟ್ಟು ಇರುತ್ತದೆ. ಆದರೆ ಅದನ್ನು ಅವು ತಮಗೇ ಬಳಸಿಕೊಳ್ಳುತ್ತವೆ, ರಕ್ತಕ್ಕೆ ಬಿಡುವುದಿಲ್ಲ. ಸಕ್ಕರೆ ಕಡಿಮೆಯಾಗುತ್ತಾ ಬಂದ ಹಾಗೆ ಮೈ ಕೊಬ್ಬನ್ನು ಜಾಸ್ತಿ ಉರಿಸುತ್ತದೆ. ಆರೋಗ್ಯವಾಗಿರುವವರಿಗೆ ಇಷ್ಟರಿಂದ ತೊಂದರೆ ಇಲ್ಲ. ಮೆಲ್ಲಗೆ ನಡೆಯಲು, ಹಗುರ ವ್ಯಾಯಾಮಕ್ಕೆ ಬೇಕಾದ ಶಕ್ತಿ ಸಂಜೆವರೆಗೂ ಇರುತ್ತದೆ.

ಕೈ ಕೊಡುವುದು ನೀರು. ಮೈತೂಕದ ಶೇಕಡ 2ರಷ್ಟು ನೀರು ಕಳೆದರೆ ಸಾಕು, ತಲೆನೋವು ಬರುತ್ತದೆ, ಎದೆ ಬಡಿತ ಜಾಸ್ತಿಯಾಗುತ್ತದೆ, ಮಾಮೂಲಿ ಕೆಲಸವೂ ಭಾರ ಅನ್ನಿಸುತ್ತದೆ. 60 ಕೆಜಿ ತೂಕದವರಿಗೆ ಅದು 1.2 ಲೀಟರ್. ಬಿಸಿಲಲ್ಲಿ ಒಂದು ಗಂಟೆ ಜೋರಾಗಿ ಬೆವರಿದರೆ ಅದರಲ್ಲಿ ಮುಕ್ಕಾಲು ಪಾಲು ಹೋಗಿಬಿಡಬಹುದು. ಉಳಿದ ದಿನಗಳಲ್ಲಿ ಹೋದದ್ದನ್ನು ಕುಡಿದು ತುಂಬಿಸುತ್ತೇವೆ. ರೋಜಾದಲ್ಲಿ ಸಂಜೆವರೆಗೆ ತುಂಬಿಸುವ ಹಾಗಿಲ್ಲ.

ಬ್ಯಾಚಿನಲ್ಲಿ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ.

"ಆಪಾ, ರೋಜಾದಲ್ಲಿ ಬೆವರಿದರೆ ಕೊಬ್ಬು ಬೇಗ ಕರಗುತ್ತಂತೆ, ಹೌದಾ?"

"ಇಲ್ಲಮ್ಮಾ. ನೀರು ಹೋಗುತ್ತೆ ಅಷ್ಟೆ. ಇಫ್ತಾರ್ ಆದ ಮೇಲೆ ತೂಕ ನೋಡು, ವಾಪಸ್ ಬಂದಿರುತ್ತೆ."

ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. ತೂಕದ ಮಷೀನ್ ಇದ್ದರೆ ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಒಮ್ಮೆ ಹತ್ತಿ ನಿಲ್ಲಿ. ಅಡುಗೆ ಎಲ್ಲ ಮುಗಿಸಿ, ದಸ್ತರ್‌ಖಾನ್ ಹಾಸಿದ ಮೇಲೆ, ಇಫ್ತಾರ್‌ಗೆ ಐದು ನಿಮಿಷ ಇರುವಾಗ ಇನ್ನೊಮ್ಮೆ ಹತ್ತಿ. ಅರ್ಧ ಕೆಜಿ ಇಳಿದಿದ್ದರೆ ಅದು ಅರ್ಧ ಲೀಟರ್ ಬೆವರು. ಜಿಮ್ಮಿಗೆ ಹೋಗಿಲ್ಲ, ಓಡಿಲ್ಲ, ಒಲೆ ಮುಂದೆ ನಿಂತಿದ್ದಕ್ಕೇ ಹೋಗಿರುವುದು. ಹೊರಗೆ 38 ಡಿಗ್ರಿ, ಒಳಗೆ ಎರಡು ಒಲೆ, ಉರಿ ಆರುತ್ತದೆ ಅಂತ ಫ್ಯಾನ್ ಬಂದ್. ಇಷ್ಟಾದ ಮೇಲೆ "ನಾನಿವತ್ತು ವ್ಯಾಯಾಮ ಮಾಡಲೇ ಇಲ್ಲ" ಅಂತ ಕೊರಗುವುದು ನ್ಯಾಯವಲ್ಲ.

ಹಾಗಾಗಿ ರಂಜಾನ್‌ನಲ್ಲಿ ನಾನು ಹೇಳಿಕೊಡುವ ಮೊದಲ ಪಾಠ ಅಡುಗೆಮನೆಯದು. ನಿಂತು ಮಾಡುವ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಸಿ. ಹಿಟ್ಟು ಕಲೆಸುವುದು, ಈರುಳ್ಳಿ ಹೆಚ್ಚುವುದು, ಖೀಮಾ ಬೇಯಿಸಿಡುವುದು, ಸಮೋಸ ಮಡಿಸಿ ಫ್ರಿಜ್ಜಿಗೆ ಹಾಕುವುದು, ಎಲ್ಲಾ ಹನ್ನೊಂದರ ಒಳಗೆ. ಸಂಜೆಗೆ ಕರಿಯುವುದೊಂದೇ ಉಳಿಯಲಿ. ಅದೂ ದಿನಾ ಬೇಡ. ಹೆಚ್ಚುವ ಕೆಲಸ ಕೂತು ಮಾಡಿ, ಫ್ಯಾನ್ ಕೆಳಗೆ, ಅಡುಗೆಮನೆ ಹೊರಗೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಹಾಕಿಕೊಳ್ಳಿ, ಕರೆಂಟ್ ಬಿಲ್ ಲೆಕ್ಕ ಈದ್ ಆದ ಮೇಲೆ. ಈ ಅರ್ಧ ಲೀಟರ್ ಉಳಿದರೆ ರಾತ್ರಿ ವ್ಯಾಯಾಮಕ್ಕೆ ಮೈ ತಾನಾಗೇ ಏಳುತ್ತದೆ.

ಯಾರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು

ಶುಗರ್ ಇರುವವರು ಮೊದಲು. ಇನ್ಸುಲಿನ್ ತಗೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಇನ್ನೂ ಜಾಗ್ರತೆಯಾಗಿರಬೇಕು. ಆ ಔಷಧಿ ಹೊಟ್ಟೆ ಖಾಲಿ ಇದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಅದರ ಮೇಲೆ ವ್ಯಾಯಾಮವೂ ಸೇರಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ರಂಜಾನ್‌ಗೆ ಆರರಿಂದ ಎಂಟು ವಾರ ಇರುವಾಗಲೇ ಡಾಕ್ಟರ್ ಹತ್ತಿರ ಹೋಗಿ, ರೋಜಾ ಇರಬಹುದಾ, ಇರುವುದಾದರೆ ಮಾತ್ರೆ ಯಾವ ಹೊತ್ತಿಗೆ, ಎಷ್ಟು ಅಂತ ಬರೆಸಿಕೊಳ್ಳಿ. ಅಕ್ಕಪಕ್ಕದವರು ಹೇಳಿದರು ಅಂತ ನೀವೇ ಮಾತ್ರೆ ಬಿಡುವುದು, ಅರ್ಧ ಮಾಡುವುದು ಬೇಡ.

ಬೆರಳು ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುತ್ತದೆ ಅಂತ ಹೆದರುವವರು ಇನ್ನೂ ಇದ್ದಾರೆ. ಹಾಗೇನೂ ಇಲ್ಲ. ಮನಸ್ಸಿಗೆ ಸಮಾಧಾನ ಆಗದಿದ್ದರೆ ನಿಮ್ಮ ಮಸೀದಿಯ ಮೌಲಾನಾರನ್ನೇ ಕೇಳಿ. ಹಗಲಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ, ಅಥವಾ 300 ದಾಟಿದರೆ, ರೋಜಾ ಬಿಡಬೇಕು. ಇಫ್ತಾರ್‌ಗೆ ಇನ್ನು ಇಪ್ಪತ್ತೇ ನಿಮಿಷ ಇದೆ ಅಂತ ಕಾಯುವ ಹಾಗಿಲ್ಲ.

ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರು, ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತಗೊಳ್ಳುವವರು ಕೂಡ ಮೊದಲು ಡಾಕ್ಟರ್ ಹತ್ತಿರ ಮಾತಾಡಬೇಕು. ಬಸುರಿಯರು, ಹಾಲುಣಿಸುವ ತಾಯಂದಿರಿಗೆ ರೋಜಾದಿಂದಲೇ ರಿಯಾಯ್ತಿ ಇದೆ. ಅವರಿಗೆ ಅಥವಾ ಮಗುವಿಗೆ ತೊಂದರೆ ಆಗುವ ಭಯ ಇದ್ದರೆ ಬಿಟ್ಟು ಆಮೇಲೆ ನೋಡಿಕೊಳ್ಳಬಹುದು. ಮುಟ್ಟಿನ ದಿನಗಳಲ್ಲಿ ಹೇಗೂ ರೋಜಾ ಇರುವುದಿಲ್ಲ. ಆ ದಿನಗಳಲ್ಲಿ ಹಗಲು ನೀರು ಕುಡಿಯಿರಿ. ಮನೆಯವರ ಮುಂದೆ ಮುಜುಗರ ಅಂತ ಅವತ್ತೂ ಬಾಯಿ ಒಣಗಿಸಿಕೊಂಡು ಕೂರುವ ಹುಡುಗಿಯರನ್ನು ನೋಡಿದ್ದೇನೆ. ಯಾಕಮ್ಮಾ ಅದು? ಸುಮ್ನೆ ಒಂದು ಬಾಟಲಿ ನಿಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಿ.

ಯಾವ ಹೊತ್ತು

ಹೆಂಗಸರಿಗೆ ಸಿಗುವ ಹೊತ್ತು ರಾತ್ರಿ ಎಂಟು. ಆಗ ಗಂಡಸರೆಲ್ಲ ರಾತ್ರಿಯ ಇಶಾ ಮತ್ತು ರಂಜಾನ್ ತಿಂಗಳಲ್ಲಷ್ಟೇ ಇರುವ ತರಾವೀಹ್ ನಮಾಜ್‌ಗೆ ಮಸೀದಿಗೆ ಹೋಗುತ್ತಾರೆ. ಮನೆಯಲ್ಲಿ ಟಿವಿ ಬಂದ್, ಒಲೆ ಬಂದ್, "ಚಹಾ ಕೊಡು" ಅನ್ನುವವರು ಯಾರೂ ಇಲ್ಲ. ವಾಪಸ್ ಬರಲು ಒಂದು ಗಂಟೆಯಾದರೂ ಬೇಕು. ಇಫ್ತಾರ್ ಆಗಿ ಒಂದೂವರೆ ಗಂಟೆ ಆಗಿರುತ್ತದೆ, ಖರ್ಜೂರ, ಹಣ್ಣು, ನೀರು ಹೊಟ್ಟೆಯಿಂದ ರಕ್ತಕ್ಕೆ ಇಳಿದಿರುತ್ತವೆ. ಮಾಳಿಗೆ ಮೇಲೆ ಗಾಳಿಯೂ ತಣ್ಣಗಾಗಿರುತ್ತದೆ. ಇಪ್ಪತ್ತೈದು ನಿಮಿಷ ವ್ಯಾಯಾಮ ಮಾಡಿ, ಮುಖ ಕೈಕಾಲು ತೊಳೆದು, ವುಜೂ ಮಾಡಿ ಮನೆಯಲ್ಲೇ ಇಶಾ, ತರಾವೀಹ್ ಓದಿಕೊಳ್ಳಬಹುದು. ಅದಾದ ಮೇಲೆ ಎಲ್ಲರ ಜೊತೆ ಊಟ.

ಇದು ನಡೆಯಬೇಕಾದರೆ ಒಂದು ಶರತ್ತು. ಇಫ್ತಾರ್ ಹಗುರವಾಗಿರಬೇಕು. ಆರೂವರೆಗೇ ಬಿರಿಯಾನಿ ತಿಂದವರು ಎಂಟಕ್ಕೆ ಬಗ್ಗಿದರೆ ಏನಾಗುತ್ತದೆ ಅಂತ ಬರೆಯುವುದು ಬೇಡ.

ತೊಡೆಮೇಲೆ ಚಿಕ್ಕ ಮಕ್ಕಳಿರುವವರಿಗೆ ಈ ಹೊತ್ತೂ ಸಿಗುವುದಿಲ್ಲ. ಅವರು ಸಹರಿಗೆ ಅರ್ಧ ಗಂಟೆ ಮುಂಚೆ ಎದ್ದು ಮಾಡಬಹುದು. ಮಾಡಿದ ಮೇಲೆ ತಿನ್ನಲು ಕುಡಿಯಲು ಸಿಗುವುದು ಅದರ ಲಾಭ, ಹೋಗುವುದು ನಿದ್ದೆ. ನನಗೆ ನಿದ್ದೆ ಕೊಟ್ಟು ವ್ಯಾಯಾಮ ಕೊಳ್ಳುವ ವ್ಯಾಪಾರ ಇಷ್ಟವಿಲ್ಲ. ಅಂಥವರಿಗೆ ಹೇಳುವುದು, ವಾರಕ್ಕೆ ಎರಡು ದಿನ ಮಾಡಿ, ಸಾಕು.

ಇಫ್ತಾರ್‌ಗೆ ಮುಂಚಿನ ಹೊತ್ತು ನಿಜವಾಗಿ ಬಿಡುವಿರುವವರು ಆಗ ನಡೆಯಬಹುದು. ಅರ್ಧ ಗಂಟೆ, ನೆರಳಲ್ಲಿ, ಮಾತಾಡುತ್ತಾ ಹೋಗುವ ವೇಗದಲ್ಲಿ. ಮುಗಿಯುವ ಹೊತ್ತಿಗೆ ಅಜಾನ್‌ಗೆ ಹತ್ತು ನಿಮಿಷ ಉಳಿದಿರಲಿ. ಓಟ, ಹಗ್ಗದಾಟ, ಭಾರ ಎತ್ತುವುದು ಆ ಹೊತ್ತಿಗೆ ಬೇಡ. ಬೆಳಗ್ಗೆ ಫಜ್ರ್ ನಮಾಜ್ ಆದ ಮೇಲೆ ತಂಪಾಗಿರುತ್ತದೆ, ಹೊಟ್ಟೆಯೂ ತುಂಬಿರುತ್ತದೆ, ಓಡೋಣ ಅನ್ನಿಸುತ್ತದೆ. ಆಗ ಹೋದ ಬೆವರಿಗೆ ಸಂಜೆವರೆಗೆ ಕಾಯಬೇಕು. ಬೆವರದ ಹಾಗೆ ಹದಿನೈದು ನಿಮಿಷ ನಡೆದು ಬನ್ನಿ, ಸಾಕು. ಹತ್ತರಿಂದ ಐದರವರೆಗೆ ವ್ಯಾಯಾಮ ಏನೂ ಬೇಡ.

ಮಾಳಿಗೆ ಮೇಲಿನ ಇಪ್ಪತ್ತೈದು ನಿಮಿಷ

ಬೇಕಾಗುವುದು ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ನೀರು ತುಂಬಿದ ಎರಡು ಲೀಟರಿನ ಎರಡು ಬಾಟಲಿ, ಒಂದು ಚಾಪೆ. ಪ್ಲಾಸ್ಟಿಕ್ ಕುರ್ಚಿ ಆದರೆ ಗೋಡೆಗೆ ತಾಗಿಸಿ ಇಡಿ, ಜಾರುತ್ತದೆ.

ಮೊದಲ ಐದು ನಿಮಿಷ ಸುಮ್ನೆ ನಡೆಯಿರಿ, ಭುಜ ತಿರುಗಿಸಿ. ಆಮೇಲೆ ಕುರ್ಚಿ. ತುದಿಯಲ್ಲಿ ಕೂತು, ಕೈ ಎದೆ ಮೇಲೆ ಕಟ್ಟಿ, ಕೈ ಊರದೆ ಎದ್ದು ನಿಲ್ಲಿ. ಮೂರು ಎಣಿಸುತ್ತಾ ಮೆಲ್ಲಗೆ ಕೂರಿ, ಧೊಪ್ಪೆಂದು ಬೀಳಬೇಡಿ. ಹತ್ತು ಸಲ. ಮೊಣಕಾಲು ನೋವಿರುವವರು ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮುಂದೆ ಗೋಡೆ. ಗೋಡೆಯಿಂದ ಒಂದು ಮಾರು ದೂರವೇನೂ ಬೇಡ, ಕೈ ಚಾಚಿದರೆ ಅಂಗೈ ಊರುವಷ್ಟು ದೂರ ನಿಂತು, ಮೊಣಕೈ ಮಡಿಸಿ ಎದೆಯನ್ನು ಗೋಡೆ ಹತ್ತಿರ ತಂದು ತಳ್ಳಿ. ಹತ್ತು ಸಲ. ಮೂರನೆಯದು ಬಾಟಲಿ. ಒಂದು ಕೈ ಕುರ್ಚಿಗೆ ಊರಿ, ಬೆನ್ನು ನೇರ ಇಟ್ಟು ಸೊಂಟದಿಂದ ಮುಂದೆ ಬಾಗಿ, ಇನ್ನೊಂದು ಕೈಯಲ್ಲಿ ಬಾಟಲಿಯನ್ನು ಪಕ್ಕೆಲುಬಿನವರೆಗೆ ಎಳೆಯಿರಿ. ಬಾವಿಯಿಂದ ಕೊಡ ಸೇದುವ ಹಾಗೆ, ಆದರೆ ನಿಧಾನ. ಎರಡೂ ಕೈಗೆ ಹತ್ತತ್ತು. ನಾಲ್ಕನೆಯದು ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ಊರಿ ಸೊಂಟ ಎತ್ತುವುದು. ಹನ್ನೆರಡು ಸಲ. ಕೊನೆಗೆ ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹದಿನೈದು.

ಇದೊಂದು ಸುತ್ತು. ಒಂದೊಂದರ ನಡುವೆ ಅರ್ಧ ನಿಮಿಷ, ಸುತ್ತು ಮುಗಿದ ಮೇಲೆ ಎರಡು ನಿಮಿಷ ನಿಲ್ಲಿ. ಮೊದಲ ವಾರ ಒಂದೇ ಸುತ್ತು. ಮೈ ಹೊಸ ಹೊತ್ತುಗಳಿಗೆ ಹೊಂದಿಕೊಳ್ಳುವುದು ಆ ವಾರ, ಚಹಾ ಬಿಟ್ಟ ತಲೆನೋವೂ ಆಗಲೇ. ಎರಡನೇ ವಾರದಿಂದ ಎರಡು ಸುತ್ತು. ಮೂರನೇ ಸುತ್ತು ಮಾಡಲೇಬೇಕು ಅನ್ನಿಸಿದರೆ ಮಾಡಿ, ನಾನಂತೂ ಹೇಳುವುದಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು.

ಜೋರು ಎಷ್ಟಿರಬೇಕು ಅನ್ನುವುದಕ್ಕೆ ಮಷೀನ್ ಬೇಡ, ಬಾಯಿ ಸಾಕು. ವ್ಯಾಯಾಮ ಮಾಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. "ನಾಳೆ ಸಹರಿಗೆ ಮೊಸರು ಇದೆಯಾ ನೋಡಬೇಕು" ಅನ್ನುವಷ್ಟರಲ್ಲಿ ಎರಡು ಸಲ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು, ನಿಲ್ಲಿಸಿ. ಹತ್ತು ಮಾಡಿದಾಗ ಇನ್ನೂ ಮೂರು ಮಾಡುವ ಶಕ್ತಿ ಉಳಿದಿರಬೇಕು.

ಜಿಮ್ಮಿಗೆ ಹೋಗಿ ಅಭ್ಯಾಸ ಇರುವವರಿಗೆ ಇದು ಸಪ್ಪೆ ಅನ್ನಿಸಬಹುದು. ಅವರಿಗೆ ನನ್ನ ಲೆಕ್ಕ ಬೇರೆ. ಎತ್ತುವ ಭಾರ ಹಾಗೇ ಇರಲಿ, ಸೆಟ್ ಮೂರರಲ್ಲಿ ಒಂದು ಕಡಿಮೆ ಮಾಡಿ. ಭಾರ ಇಳಿಸಿದರೆ ಶಕ್ತಿ ಇಳಿಯುತ್ತದೆ, ಸೆಟ್ ಕಡಿಮೆ ಮಾಡಿದರೆ ಒಂದು ತಿಂಗಳಿಗೆ ಅಷ್ಟೇನೂ ಇಳಿಯುವುದಿಲ್ಲ. ಅದೂ ಇಫ್ತಾರ್ ಆದ ಮೇಲೆ ಮಾತ್ರ.

ತರಾವೀಹ್ ಬಗ್ಗೆ ಒಂದು ಮಾತು. ನಮಾಜ್‌ನ ಒಂದು ಆವೃತ್ತಿಗೆ ರಕಅತ್ ಅನ್ನುತ್ತೇವೆ. ಇಪ್ಪತ್ತು ರಕಅತ್ ಓದುವವರು ಇಪ್ಪತ್ತು ಸಲ ರುಕೂಗೆ ಬಾಗುತ್ತಾರೆ, ನಲವತ್ತು ಸಲ ಹಣೆ ನೆಲಕ್ಕೆ ತಾಗಿಸುವ ಸಜ್ದಾಕ್ಕೆ ಹೋಗಿ ಏಳುತ್ತಾರೆ. ನಮಾಜ್ ವ್ಯಾಯಾಮಕ್ಕಾಗಿ ಅಲ್ಲ, ಅದು ಇಬಾದತ್, ದೇವರ ಆರಾಧನೆ. ಆದರೆ ಮೊಣಕಾಲು, ಸೊಂಟಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ತರಾವೀಹ್‌ಗೆ ಮುಂಚೆ ಕಾಲಿನ ವ್ಯಾಯಾಮ ಸುಸ್ತಾಗುವಷ್ಟು ಮಾಡಬೇಡಿ. ಸಜ್ದಾದಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತಿದ್ದರೆ ನೀರು, ಉಪ್ಪು ಸಾಲುತ್ತಿಲ್ಲ ಅಂತ ಅರ್ಥ. ಅವತ್ತು ಮೆಲ್ಲಗೆ ಏಳಿ, ಬೇಕಾದರೆ ಕೂತು ಓದಿ, ವ್ಯಾಯಾಮಕ್ಕೆ ರಜೆ ಕೊಡಿ.

ಒಂಬತ್ತು ಲೋಟ

ಇಫ್ತಾರ್‌ನಿಂದ ಸಹರಿವರೆಗೆ ಕಾಲು ಲೀಟರಿನ ಒಂಬತ್ತು ಲೋಟ ನೀರು ಒಳಗೆ ಹೋಗಬೇಕು, ಅಂದರೆ ಎರಡೂಕಾಲು ಲೀಟರ್. ರೋಜಾ ಬಿಡುವಾಗ ಎರಡು. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ತಿಂಡಿ ಜೊತೆ ಒಂದು. ವ್ಯಾಯಾಮದ ಮುಂಚೆ ಒಂದು, ಆಮೇಲೆ ಒಂದು. ರಾತ್ರಿ ಊಟದ ಆಸುಪಾಸು ಎರಡು. ಸಹರಿಗೆ ಎರಡು. ಸಹರಿ ಮುಗಿಯಲು ಮೂರು ನಿಮಿಷ ಇರುವಾಗ ಒಂದೇ ಉಸಿರಿಗೆ ಒಂದು ಲೀಟರ್ ಕುಡಿಯುವವರಿದ್ದಾರೆ. ಅದು ಮೈಯಲ್ಲಿ ನಿಲ್ಲುವುದಿಲ್ಲ, ಎರಡು ಗಂಟೆಯಲ್ಲಿ ಬಾತ್‌ರೂಮಿಗೆ ಹೋಗುತ್ತದೆ. ಕಿಡ್ನಿ, ಹೃದಯದ ತೊಂದರೆಗೆ ನೀರು ಅಳತೆ ಮಾಡಿ ಕುಡಿಯಲು ಹೇಳಿಸಿಕೊಂಡವರು ಈ ಲೆಕ್ಕ ಬಿಟ್ಟು ಡಾಕ್ಟರ್ ಲೆಕ್ಕವನ್ನೇ ಹಿಡಿಯಬೇಕು.

ಕುಡಿದದ್ದು ಸಾಕಾಯಿತಾ ಅಂತ ಮೂತ್ರದ ಬಣ್ಣ ಹೇಳುತ್ತದೆ. ಮಲಗುವ ಮುಂಚೆ ತಿಳಿ ನಿಂಬೆ ಶರಬತ್ತಿನ ಬಣ್ಣ ಇದ್ದರೆ ಸರಿ. ಗಾಢ ಹಳದಿ ಇದ್ದರೆ ಇನ್ನೊಂದು ಲೋಟ.

ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಅದು ತುಂಬುವುದಿಲ್ಲ. ವ್ಯಾಯಾಮದ ಮೇಲೆ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ಕುಡಿಯಿರಿ. ದುಡ್ಡು ಕೊಟ್ಟು ಬಣ್ಣದ ಬಾಟಲಿ ತರುವುದು ಬೇಡ. ಕೆಂಪು ಶರಬತ್ತು ಇಲ್ಲದೆ ನಮ್ಮಲ್ಲಿ ಇಫ್ತಾರ್ ಆಗುವುದಿಲ್ಲ, ಗೊತ್ತು. ಒಂದು ಸಣ್ಣ ಲೋಟ ಸಾಕು, ಜಗ್ಗು ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ.

ಇಫ್ತಾರ್‌ಗೆ ಎರಡು ಮೂರು ಖರ್ಜೂರ, ಕಲ್ಲಂಗಡಿ, ಬೇಯಿಸಿದ ಕಡಲೆ, ಒಂದು ಸಮೋಸ. ಎರಡಲ್ಲ. ದೊಡ್ಡ ಊಟ ತರಾವೀಹ್ ಆದ ಮೇಲೆ. ಹಲೀಮ್ ತರಿಸುವ ದಿನ ಅದನ್ನೇ ಊಟ ಅಂತ ಲೆಕ್ಕ ಹಾಕಿ. ಗೋಧಿ, ಬೇಳೆ, ಮಾಂಸ ಮೂರೂ ಅದರಲ್ಲಿ ಇದೆ, ಮೇಲೆ ಮತ್ತೆ ಬಿರಿಯಾನಿ ಯಾಕೆ?

ಸಹರಿಗೆ ನಮ್ಮ ಜೋಳದ ರೊಟ್ಟಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ನಿಧಾನವಾಗಿ ಅರಗುತ್ತದೆ. ಜೊತೆಗೆ ಎರಡು ಮೊಟ್ಟೆ ಅಥವಾ ಕಾಳಿನ ಪಲ್ಯ, ಒಂದು ಬಟ್ಟಲು ಮೊಸರು, ಒಂದು ಬಾಳೆಹಣ್ಣು. ಉಪ್ಪಿನಕಾಯಿ, ಹಪ್ಪಳ, ರಾತ್ರಿ ಉಳಿದ ಖಾರದ ಸಾಲನ್ ಬೇಡ, ಹತ್ತು ಗಂಟೆಗೇ ಬಾಯಾರುತ್ತದೆ. ಮಾಂಸಖಂಡ ಉಳಿಯಬೇಕಾದರೆ ವ್ಯಾಯಾಮ ಮಾಡುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.2 ಗ್ರಾಂ ಆದರೂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಬೇಯಿಸಿದ 100 ಗ್ರಾಂ ಚಿಕನ್‌ನಲ್ಲಿ 27ರ ಆಸುಪಾಸು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ತನಗೆ ತಿಳಿಸಾರು ಅನ್ನ ಉಳಿಸಿಕೊಳ್ಳುವ ತಾಯಂದಿರೇ, ಈ ಲೆಕ್ಕ ನಿಮಗಾಗಿಯೇ ಬರೆದದ್ದು.

ಚಹಾದ ತಲೆನೋವು ಬೇರೆಯೇ ಕಥೆ. ರಂಜಾನ್‌ಗೆ ಒಂದು ವಾರ ಮುಂಚಿನಿಂದ ದಿನಕ್ಕೊಂದು ಕಪ್ ಕಡಿಮೆ ಮಾಡುತ್ತಾ ಬಂದರೆ ಮೊದಲ ಮೂರು ದಿನದ ಹಿಂಸೆ ಇರುವುದಿಲ್ಲ.

ನಿಲ್ಲಿಸುವುದು ಯಾವಾಗ

ತಲೆ ಸುತ್ತು, ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು. ಇದರಲ್ಲಿ ಯಾವುದು ಬಂದರೂ ಅಲ್ಲೇ ನಿಲ್ಲಿಸಿ, ನೆರಳಿಗೆ ಬನ್ನಿ, ಮಲಗಿ ಕಾಲನ್ನು ದಿಂಬಿನ ಮೇಲೆ ಇಡಿ, ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿ. ಶುಗರ್ ಇರುವವರು ಕೂಡಲೇ ಶುಗರ್ ನೋಡಿಕೊಳ್ಳಬೇಕು. ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ರೋಜಾ ಬಿಟ್ಟು ನೀರು ಕುಡಿಯಿರಿ. ಎದೆ ನೋವು ಬಂದರೆ ಹದಿನೈದು ನಿಮಿಷವೂ ಕಾಯಬಾರದು, ಕೂಡಲೇ ಆಂಬುಲೆನ್ಸ್‌ಗೆ, ಅಂದರೆ 108ಕ್ಕೆ ಫೋನ್ ಮಾಡಿ. ಮಾತು ತಡವರಿಸಿದರೆ, ಮೈ ಸುಡುತ್ತಿದ್ದರೆ, ಎಲ್ಲಿದ್ದೇನೆ ಅಂತ ತಿಳಿಯದ ಹಾಗಾದರೆ ಅದು ಬಿಸಿಲಾಘಾತ ಇರಬಹುದು. 108ಕ್ಕೆ ಫೋನ್ ಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಫ್ಯಾನ್ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ರೋಜಾ ಬಿಡಲು ಜನ ಹಿಂಜರಿಯುವುದು ದೇವರಿಗೆ ಹೆದರಿ ಎಷ್ಟೋ, ಜನರಿಗೆ ಹೆದರಿ ಅದಕ್ಕಿಂತ ಜಾಸ್ತಿ. 2025ರ ಮಾರ್ಚ್ 4ರಂದು ದುಬೈನಲ್ಲಿ ಆಸ್ಟ್ರೇಲಿಯಾ ವಿರುದ್ಧ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್ ನಡೆಯುವಾಗ ಮೊಹಮ್ಮದ್ ಶಮಿ ಮೈದಾನದಲ್ಲಿ ಪಾನೀಯ ಕುಡಿದದ್ದಕ್ಕೆ ಎಷ್ಟು ಗಲಾಟೆ ಆಯಿತು, ನೆನಪಿದೆಯಾ? ಪ್ರಯಾಣದಲ್ಲಿ ಇರುವವರಿಗೆ, ಕಾಯಿಲೆ ಇರುವವರಿಗೆ ಬೇರೆ ದಿನ ಇಟ್ಟುಕೊಳ್ಳುವ ಅವಕಾಶ ಕುರ್‌ಆನ್‌ನಲ್ಲೇ ಇದೆ. ಬಕರಾ ಅಧ್ಯಾಯದ 185ನೇ ವಚನ, ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಅಂತ ಹೇಳುವುದು ರೋಜಾದ ಮಾತಿನ ನಡುವೆಯೇ. ರೋಜಾ ಇಟ್ಟೇ ಆಡುವವರೂ ಇದ್ದಾರೆ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ತಂಡಗಳ ಫುಟ್‌ಬಾಲ್ ಪಂದ್ಯದಲ್ಲಿ ಸೂರ್ಯ ಮುಳುಗಿದ ಹೊತ್ತಿಗೆ ಆಟ ಒಂದು ಕ್ಷಣ ನಿಲ್ಲಿಸಿ, ವೆಸ್ಲಿ ಫೊಫಾನಾ ಮತ್ತು ಚೇಖು ಕುಯಾಟೆ ಗೆರೆ ಪಕ್ಕದಲ್ಲೇ ರೋಜಾ ಬಿಟ್ಟರು. ಅವರ ಹಿಂದೆ ಡಾಕ್ಟರುಗಳ ತಂಡವೇ ಇರುತ್ತದೆ, ಅದನ್ನೂ ನೆನಪಿಡಿ. ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತಿಂದು ಒಂದಕ್ಕೆ ಟರ್ಫ್‌ನಲ್ಲಿ ಕ್ರಿಕೆಟ್ ಆಡಿ, ಸಹರಿ ತಿಂದು ಮಲಗುವ ನಮ್ಮ ಹುಡುಗರ ಹಿಂದೆ ಅವರ ಅಮ್ಮಿ ಒಬ್ಬರೇ ಇರುವುದು.

ನಿದ್ದೆ ಐದು ಗಂಟೆಗಿಂತ ಕಡಿಮೆ ಆದ ದಿನ ವ್ಯಾಯಾಮ ಬಿಡಿ. ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ ಇಪ್ಪತ್ತು ನಿಮಿಷ ಮಲಗಿದರೆ ಎಷ್ಟೋ ಸರಿಹೋಗುತ್ತದೆ. ಎರಡು ಗಂಟೆ ಮಲಗಿದರೆ ಎದ್ದ ಮೇಲೆ ತಲೆ ಭಾರ, ರಾತ್ರಿ ನಿದ್ದೆಯೂ ಬರುವುದಿಲ್ಲ.

ಕೊನೆಯ ಹತ್ತು ದಿನ ನನ್ನ ಬ್ಯಾಚಿಗೆ ರಜೆ. ರಾತ್ರಿಯೆಲ್ಲ ಎದ್ದು ನಮಾಜ್ ಓದುವ ದಿನಗಳು ಅವು. ಅದರ ಜೊತೆ ಈದ್ ಬಟ್ಟೆ, ಬಳೆ, ಸೇವಿಗೆ ಅಂತ ಬಜಾರಿನಲ್ಲಿ ಅಲೆದಾಟ ಬೇರೆ. ಬಜಾರಿಗೆ ಇಫ್ತಾರ್ ಆದ ಮೇಲೆ ಹೋಗಿ, ಕೈಯಲ್ಲಿ ನೀರಿನ ಬಾಟಲಿ ಇರಲಿ, ಆ ನಡಿಗೆಯನ್ನೇ ವ್ಯಾಯಾಮ ಅಂದುಕೊಳ್ಳಿ. ಶೀರ್ ಖುರ್ಮಾ ತಿಂದು ಮೂರು ದಿನ ಆದ ಮೇಲೆ ಒಂದೇ ಸುತ್ತಿನಿಂದ ಮತ್ತೆ ಶುರು ಮಾಡಿ, ಒಂದು ವಾರದಲ್ಲಿ ಹಳೇ ಲೆಕ್ಕಕ್ಕೆ ಬರಬಹುದು. ರಂಜಾನ್ ಆದ ಮೇಲಿನ ತಿಂಗಳು ಶವ್ವಾಲ್‌ನ ಆರು ರೋಜಾ ಇರುವವರು ಆ ದಿನಗಳಿಗೆ ಈ ರಾತ್ರಿ ಎಂಟರ ಹೊತ್ತನ್ನೇ ಇಟ್ಟುಕೊಳ್ಳಿ. ಆಗ ತರಾವೀಹ್ ಇರುವುದಿಲ್ಲ, ಗಂಡಸರು ಮನೆಯಲ್ಲೇ ಇರುತ್ತಾರೆ. ಮಾಳಿಗೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಿ.